ಹಳೇ ಗೆಳೆಯರು ನಮ್ಮ ಬದುಕಿನ ದಾರಿ ತಿರುಗಿಸುವುದು ಹೇಗೆ?

ಕೊಡಗಿನಲ್ಲಿ ಯಾರನ್ನಾದರೂ ಕೂರಿಸಿಕೊಂಡು ಕೇಳಿ ನೋಡಿ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಯಾಕೆ ವಾಪಸ್ ಬಂದಿರಿ? ಸೈನ್ಯಕ್ಕೆ ಸೇರಬೇಕು ಅಂತ ಯಾವಾಗ ಅನ್ನಿಸಿತು? ಅರೇಬಿಕಾ ಕಾಫಿ ಕಿತ್ತು ರೋಬಸ್ಟಾ ಹಾಕಿದ್ದು ಯಾರ ಮಾತು ಕೇಳಿ? ಮೊದಲು ಬೆಲೆಯ ಮಾತು ಬರುತ್ತದೆ. ಆಮೇಲೆ ಮಳೆ, ಕೂಲಿ, ಮನೆಯ ಪರಿಸ್ಥಿತಿ. ಸ್ವಲ್ಪ ಹೊತ್ತು ಮಾತಾಡಲು ಬಿಟ್ಟರೆ ಒಬ್ಬ ಗೆಳೆಯನೋ ಗೆಳತಿಯೋ ಕಥೆಯೊಳಗೆ ಬಂದೇ ಬರುತ್ತಾರೆ. “ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು ಒಬ್ಬ ಇದ್ದ” ಅಂತ ಶುರುವಾಗುತ್ತದೆ. ಹೇಳುವವರ ಮುಖವೂ ಅಲ್ಲಿಂದ ಬೇರೆಯಾಗುತ್ತದೆ.

ಮದುವೆಗೆ ಜಾತಕ ನೋಡುತ್ತೇವೆ. ಓದಿಗೆ ಕಾಲೇಜು ಹುಡುಕುತ್ತೇವೆ. ಜಾಗ ಕೊಳ್ಳುವಾಗ ಪಹಣಿಯನ್ನು ಎರಡೆರಡು ಸಲ ಓದುತ್ತೇವೆ. ಗೆಳೆಯರು ಮಾತ್ರ ಯಾವ ಲೆಕ್ಕಾಚಾರವೂ ಇಲ್ಲದೆ ಸುಮ್ನೆ ಬಂದು ಸೇರಿಕೊಳ್ಳುತ್ತಾರೆ. ಹಾಗೆ ಬಂದವರು ನಮ್ಮ ಬದುಕನ್ನು ಎಷ್ಟು ತಿದ್ದುತ್ತಾರೆ, ಯಾವ ದಾರಿಯಲ್ಲಿ ತಿದ್ದುತ್ತಾರೆ ಎಂಬುದನ್ನು ಸಮಾಜ ವಿಜ್ಞಾನಿಗಳು ಬಹಳ ವರ್ಷಗಳಿಂದ ಅಳೆಯುತ್ತಾ ಬಂದಿದ್ದಾರೆ. ಅವರು ಕಂಡಿದ್ದನ್ನು ನಮ್ಮ ಊರಿನ ಅನುಭವದ ಪಕ್ಕ ಇಟ್ಟು ನೋಡಿದರೆ ನನಗೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಹಳೇ ಗೆಳೆಯರ ದೊಡ್ಡ ಕೆಲಸ ಉಪದೇಶದಲ್ಲಿಲ್ಲ. ಯಾವುದು ಸಹಜ, ಯಾವುದು ನಮ್ಮಿಂದ ಆಗುವ ಕೆಲಸ ಎಂಬ ನಮ್ಮ ಅಂದಾಜನ್ನೇ ಅವರು ನಿಧಾನಕ್ಕೆ ಬದಲಿಸುತ್ತಾರೆ. ಅದು ಬದಲಾಗುವಾಗ ನಮಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ.

ನಿಜವಾಗಿ ಬದಲಿಸಿದ್ದು ಗೆಳೆಯನೇನಾ?

ಮೊದಲು ಒಂದು ಗಂಟು ಬಿಚ್ಚಬೇಕು. ಸುಂಟಿಕೊಪ್ಪದ ಕಡೆ ಇಬ್ಬರು ಗೆಳೆಯರು ಇದ್ದಾರೆ ಅಂದುಕೊಳ್ಳಿ. ಇಬ್ಬರೂ ಒಂದೇ ವರ್ಷ ನೆರಳಿನ ಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ ಹಬ್ಬಿಸಿದರು. ಒಬ್ಬನನ್ನು ನೋಡಿ ಇನ್ನೊಬ್ಬ ಹಾಕಿದ ಅಂತ ಊರು ಹೇಳುತ್ತದೆ. ನಿಜ ಇರಬಹುದು. ಆದರೆ ಇನ್ನೂ ಎರಡು ಸಾಧ್ಯತೆಗಳಿವೆ. ಇಬ್ಬರಿಗೂ ಹೊಸದನ್ನು ಪ್ರಯತ್ನಿಸುವ ಸ್ವಭಾವ ಮೊದಲೇ ಇತ್ತು, ಅದಕ್ಕೇ ಅವರು ಗೆಳೆಯರಾದರು ಎಂಬುದು ಒಂದು. ಆ ವರ್ಷ ಮೆಣಸಿಗೆ ಒಳ್ಳೆಯ ಬೆಲೆ ಬಂತು, ಇಡೀ ಊರೇ ಹಾಕಿತು ಎಂಬುದು ಇನ್ನೊಂದು. ಒಂದೇ ಮಳೆಯಲ್ಲಿ ಇಬ್ಬರೂ ನೆನೆದು ಬಂದರೆ, ಒಬ್ಬ ಇನ್ನೊಬ್ಬನನ್ನು ನೆನೆಸಿದ ಅಂತ ಹೇಳಲು ಆಗುವುದಿಲ್ಲ ಅಲ್ವಾ?

ಗೆಳೆತನದ ಬಗ್ಗೆ ನಡೆಯುವ ಎಲ್ಲ ಸಂಶೋಧನೆಗೂ ಇದೇ ತಲೆನೋವು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಜನರ ಹೃದಯದ ಆರೋಗ್ಯವನ್ನು ದಾಖಲಿಸುತ್ತಾ ಬಂದಿದ್ದಾರೆ. ಆ ಕಡತಗಳಲ್ಲಿ ಪ್ರತಿಯೊಬ್ಬರ ಆಪ್ತ ಗೆಳೆಯ ಯಾರು ಎಂಬ ಮಾಹಿತಿಯೂ ಇತ್ತು. ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅದನ್ನು ಹಿಡಿದು 12,067 ಜನರ 32 ವರ್ಷಗಳ ದಾಖಲೆ ನೋಡಿದರು. 2007ರಲ್ಲಿ ಅವರು ಹೇಳಿದ್ದು ಪ್ರಪಂಚದ ತುಂಬ ಸುದ್ದಿಯಾಯಿತು. ಒಬ್ಬರ ಗೆಳೆಯನಿಗೆ ಬೊಜ್ಜು ಬಂದರೆ ಅವರಿಗೂ ಬರುವ ಸಾಧ್ಯತೆ ಶೇ 57ರಷ್ಟು ಜಾಸ್ತಿ. ಒಡಹುಟ್ಟಿದವರ ವಿಷಯದಲ್ಲಿ ಇದು ಶೇ 40. ಗಂಡ ಹೆಂಡತಿ ನಡುವೆ ಶೇ 37. ಪಕ್ಕದ ಮನೆಯವರಿಂದ ಏನೂ ಪರಿಣಾಮ ಕಾಣಲಿಲ್ಲ. ಇನ್ನೂ ವಿಚಿತ್ರ ಏನೆಂದರೆ, ಗೆಳೆಯ ಎಷ್ಟು ದೂರದಲ್ಲಿದ್ದರೂ ಲೆಕ್ಕ ಬದಲಾಗಲಿಲ್ಲ. ಅಂದರೆ ಒಟ್ಟಿಗೆ ಕೂತು ತಿನ್ನುವುದೊಂದೇ ಕಾರಣ ಆಗಿರಲಾರದು. ಇಷ್ಟು ದಪ್ಪ ಇದ್ದರೆ ಪರವಾಗಿಲ್ಲ ಎಂಬ ಅಂದಾಜು ಗೆಳೆಯನಿಂದ ಗೆಳೆಯನಿಗೆ ದಾಟುತ್ತದೆ ಎಂಬುದು ಅವರ ಊಹೆ.

ಇದಕ್ಕೆ ಬಂದ ಆಕ್ಷೇಪವೂ ಅಷ್ಟೇ ಚೆನ್ನಾಗಿತ್ತು. ಮರುವರ್ಷವೇ ಇಬ್ಬರು ಅರ್ಥಶಾಸ್ತ್ರಜ್ಞರು ಅದೇ ಥರದ ಲೆಕ್ಕವನ್ನು ಹದಿಹರೆಯದವರ ಮೊಡವೆ, ತಲೆನೋವು ಮತ್ತು ಎತ್ತರದ ಮೇಲೆ ಹಾಕಿ ನೋಡಿದರು. ಅವೂ ಗೆಳೆಯರಿಂದ ಹರಡುವಂತೆ ಕಂಡವು! ಗೆಳೆಯ ಉದ್ದ ಆದ ಅಂತ ನಾವು ಉದ್ದ ಆಗುವುದಿಲ್ಲ. ಆದ್ದರಿಂದ ಶೇ 57 ಎಂಬ ಸಂಖ್ಯೆಯನ್ನು ಕಲ್ಲಿನಲ್ಲಿ ಕೆತ್ತಿದ ಹಾಗೆ ನಂಬಬೇಕಾಗಿಲ್ಲ. ಗೆಳೆಯರ ಪ್ರಭಾವ ಇಲ್ಲ ಅಂತಲೂ ಇದರಿಂದ ಸಾಬೀತಾಗುವುದಿಲ್ಲ. ಇಂಥ ದಾಖಲೆಯಲ್ಲಿ ಆಯ್ಕೆ ಯಾವುದು, ಮಳೆ ಯಾವುದು, ಗೆಳೆಯ ಯಾರು ಅಂತ ಬೇರ್ಪಡಿಸುವುದು ಕಷ್ಟ, ಅಷ್ಟೇ.

ಬೇರ್ಪಡಿಸಲು ಒಂದು ದಾರಿ ಇದೆ. ಜೊತೆಗಾರರನ್ನು ಅವರವರು ಆರಿಸಿಕೊಳ್ಳದೆ ಚೀಟಿ ಎತ್ತಿದ ಹಾಗೆ ಯಾರೋ ಸೇರಿಸಿದ್ದರೆ ಸ್ವಭಾವ ಹೋಲುತ್ತದೆ ಎಂಬ ಕಾರಣ ಬಿದ್ದುಹೋಗುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಹಾಸ್ಟೆಲ್ ಹಾಗಿತ್ತು. ಮೊದಲ ವರ್ಷದವರಿಗೆ ರೂಮ್‌ಮೇಟ್ ಯಾರು ಎಂಬುದು ಅದೃಷ್ಟದ ಮಾತು. ಬ್ರೂಸ್ ಸಾಸರ್ಡೋಟ್ ಎಂಬವರು ಅಲ್ಲಿನ ಲೆಕ್ಕ ತೆಗೆದು 2001ರಲ್ಲಿ ಪ್ರಕಟಿಸಿದರು. ರೂಮ್‌ಮೇಟ್‌ನ ಓದು ನಮ್ಮ ಅಂಕಗಳ ಮೇಲೆ ಪರಿಣಾಮ ಮಾಡುತ್ತದೆ. ಯಾವ ವಿದ್ಯಾರ್ಥಿ ಸಂಘಕ್ಕೆ ಸೇರುತ್ತೇವೆ ಎಂಬುದರ ಮೇಲೂ ಮಾಡುತ್ತದೆ. ಯಾವ ವಿಷಯ ತೆಗೆದುಕೊಂಡು ಓದಬೇಕು ಎಂಬ ದೊಡ್ಡ ತೀರ್ಮಾನದ ಮೇಲೆ ಮಾತ್ರ ಪರಿಣಾಮ ಕಾಣಲಿಲ್ಲ.

ನನಗೆ ಈ ಫಲಿತಾಂಶ ಬಹಳ ಇಷ್ಟ. ಜೊತೆಗಾರರು ಕೈ ಹಾಕುವುದು ದಿನದ ಬದುಕಿಗೆ. ಎಷ್ಟು ಗಂಟೆಗೆ ಏಳುತ್ತೇವೆ, ಪುಸ್ತಕ ತೆಗೆಯುತ್ತೇವಾ ಇಲ್ವಾ, ಸಂಜೆ ಯಾರ ಜೊತೆ ಇರುತ್ತೇವೆ. ಬದುಕಿನ ದಾರಿ ಅಂತ ಆಮೇಲೆ ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಇಂಥ ದಿನಗಳೇ ತಾನೇ?

ಗೆಳೆತನಕ್ಕೆ ಹಿಡಿಯುವ ಗಂಟೆಗಳು

ರೂಮ್‌ಮೇಟ್ ಒಂದೆರಡು ವರ್ಷ ಇರುತ್ತಾನೆ. ಹಳೇ ಗೆಳೆಯ ನಲವತ್ತು ವರ್ಷ ಇರುತ್ತಾನೆ. ಆ ಗೆಳೆತನ ಹುಟ್ಟುವುದಕ್ಕೆ ಸಮಯ ಬೇಕು. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಅದರ ಅಂದಾಜು ಕೊಟ್ಟರು. ಪರಿಚಯ ಇದ್ದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ. ಗೆಳೆಯ ಅಂತ ಧೈರ್ಯವಾಗಿ ಹೇಳಲು ಸುಮಾರು 90 ಗಂಟೆ. ಆಪ್ತ ಗೆಳೆಯ ಆಗಲು 200 ಗಂಟೆಗೂ ಜಾಸ್ತಿ. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳು ಇದರಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಸುಮ್ನೆ ಕೂತ, ಆಡಿದ, ಹರಟಿದ ಗಂಟೆಗಳೇ ಬೇಕು.

ಕೊಡಗಿನಲ್ಲಿ ಈ ಗಂಟೆಗಳು ಎಲ್ಲಿ ಸಿಗುತ್ತವೆ? ನಮ್ಮಲ್ಲಿ ಮನೆಗಳು ಬೀದಿಯಲ್ಲಿ ಸಾಲಾಗಿ ಇರುವುದಿಲ್ಲ. ಒಂದೊಂದು ಮನೆಯೂ ತೋಟ, ಗದ್ದೆಗಳ ನಡುವೆ ಪ್ರತ್ಯೇಕ. ಜೂನ್ ಬಂದರೆ ಮಳೆ ಹಿಡಿದು ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಆ ತಿಂಗಳುಗಳಲ್ಲಿ ಗೆಳೆಯನ ಮನೆಗೆ ಹೋಗಿ ಬರುತ್ತೇನೆ ಅಂದರೆ ಮನೆಯಲ್ಲಿ ಬೈಯುತ್ತಾರೆ. ಹಾಗಾಗಿ ನಮ್ಮ ಗೆಳೆತನಗಳು ಬೆಳೆದಿದ್ದು ಬಸ್ಸಿನಲ್ಲಿ. ಒಂದೇ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತವರು, ಅರ್ಧ ಗಂಟೆ ತಡವಾಗಿ ಬರುವ ಬಸ್ಸಿಗೆ ಕಾದವರು, ಒಂದೇ ಸೀಟಿನಲ್ಲಿ ಮೂವರು ಕೂತವರು. ಬೇಸಿಗೆಯಲ್ಲಿ ಹಾಕಿ ಮೈದಾನ. ಪುತ್ತರಿ ಸುಗ್ಗಿ ಹಬ್ಬದಲ್ಲಿ ಊರವರು ಸೇರಿ ಕುಣಿಯುವ ಮಂದ್. ಶಾಲೆಯ ಒಂದು ವರ್ಷದ ಬಸ್ ಪ್ರಯಾಣವೇ 200 ಗಂಟೆ ದಾಟುತ್ತದೆ.

ಯಾರ ಪಕ್ಕ ಕೂರುತ್ತೇವೆ ಎಂಬ ಚಿಕ್ಕ ಆಕಸ್ಮಿಕ ಎಷ್ಟು ದೊಡ್ಡದು ಎಂಬುದನ್ನು 1950ರಲ್ಲೇ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ತೋರಿಸಿದ್ದರು. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳ ವಸತಿಗೃಹದಲ್ಲಿ ಯಾರು ಯಾರಿಗೆ ಗೆಳೆಯರು ಅಂತ ಕೇಳಿದರು. ಪಕ್ಕದ ಬಾಗಿಲಿನವರೇ ಹೆಚ್ಚು. ಮೆಟ್ಟಿಲ ಬಳಿ ಇದ್ದವರಿಗೆ ಮೇಲಿನ ಮಹಡಿಯ ಗೆಳೆಯರೂ ಸಿಕ್ಕಿದ್ದರು. ಮನಸ್ಸು ಹೊಂದಿತು, ಆದ್ದರಿಂದ ಗೆಳೆಯರಾದೆವು ಅಂತ ನಾವು ಹೇಳಿಕೊಳ್ಳುತ್ತೇವೆ. ಮನಸ್ಸು ಹೊಂದುವುದಕ್ಕೆ ಮುಂಚೆ ಬಾಗಿಲು ಹೊಂದಿರಬೇಕು.

ಗುಡ್ಡ ಕಡಿದಾಗಿ ಕಾಣುವುದು, ಕಾಣದಿರುವುದು

2008ರ ಒಂದು ಪ್ರಯೋಗ ನಮ್ಮ ಜಿಲ್ಲೆಯವರಿಗೆಂದೇ ಮಾಡಿದಂತಿದೆ. ಸಿಮೋನ್ ಶ್ನಾಲ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಜನರನ್ನು ಒಂದು ಗುಡ್ಡದ ಬುಡದಲ್ಲಿ ನಿಲ್ಲಿಸಿ ಅದು ಎಷ್ಟು ಕಡಿದಾಗಿದೆ ಅಂತ ಕೇಳಿದರು. ಒಬ್ಬಂಟಿಯಾಗಿ ನಿಂತವರಿಗಿಂತ ಗೆಳೆಯರ ಜೊತೆ ನಿಂತವರಿಗೆ ಗುಡ್ಡ ಕಡಿಮೆ ಕಡಿದಾಗಿ ಕಂಡಿತು. ಗೆಳೆತನ ಹಳೆಯದಾದಷ್ಟೂ ಗುಡ್ಡ ಇನ್ನಷ್ಟು ತಗ್ಗಿತು. ಪ್ರಯೋಗ ಚಿಕ್ಕದು. ಕಣ್ಣಿಗೇ ಹಾಗೆ ಕಂಡಿತಾ, ಅಥವಾ ಹೇಳುವಾಗ ಮಾತ್ರ ಹಾಗೆ ಹೇಳಿದರಾ ಎಂಬ ಚರ್ಚೆಯೂ ಇದೆ. ಆದರೆ 1748 ಮೀಟರ್ ಎತ್ತರದ ತಡಿಯಂಡಮೋಳನ್ನು ಒಬ್ಬರೇ ಹತ್ತಿದವರನ್ನೂ ಗೆಳೆಯರ ಜೊತೆ ಹತ್ತಿದವರನ್ನೂ ಕೇಳಿದರೆ ಇದೇನು ಹೊಸ ವಿಷಯ ಅಂತ ಅವರು ಕೇಳಬಹುದು.

ಗುಡ್ಡದ ಪ್ರಯೋಗಕ್ಕಿಂತ ಗಟ್ಟಿ ಸಾಕ್ಷಿ ನಮ್ಮ ದೇಶದ್ದೇ ಇದೆ. ಗುಜರಾತಿನ ಅಹಮದಾಬಾದಿನಲ್ಲಿ ಸೇವಾ ಬ್ಯಾಂಕ್ ಅಂತ ಒಂದಿದೆ. ಮನೆಯಲ್ಲೇ ಹೊಲಿಗೆ, ಬೀಡಿ, ತರಕಾರಿ ಮಾರಾಟ ಮಾಡುವ ಬಡ ಹೆಂಗಸರು ಸೇರಿ 1974ರಲ್ಲಿ ಕಟ್ಟಿದ ಬ್ಯಾಂಕ್. ಅಲ್ಲಿನ 600ಕ್ಕೂ ಹೆಚ್ಚು ಗ್ರಾಹಕರನ್ನು ತೆಗೆದುಕೊಂಡು ಎರಿಕಾ ಫೀಲ್ಡ್, ಸೀಮಾ ಜಯಚಂದ್ರನ್, ರೋಹಿಣಿ ಪಾಂಡೆ ಮತ್ತು ನಟಾಲಿಯಾ ರಿಗೋಲ್ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ಎರಡು ದಿನದ ವ್ಯಾಪಾರ ತರಬೇತಿ ಕೊಟ್ಟರು. ಅವರಲ್ಲೂ ಕೆಲವರಿಗೆ ಒಬ್ಬರೇ ಬನ್ನಿ ಅಂದರು, ಕೆಲವರಿಗೆ ಒಬ್ಬ ಗೆಳತಿಯನ್ನು ಕರೆದುಕೊಂಡು ಬನ್ನಿ ಅಂದರು. ಯಾರಿಗೆ ಏನು ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರ. ಪಾಠ ಒಂದೇ, ದಿನ ಎರಡೇ.

ನಾಲ್ಕು ತಿಂಗಳು ಬಿಟ್ಟು ಹೋಗಿ ನೋಡಿದರು. ಒಬ್ಬರೇ ಬಂದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಗೆಳತಿಯ ಜೊತೆ ಬಂದವರು ಹೆಚ್ಚು ಸಾಲ ತೆಗೆದಿದ್ದರು, ಅದನ್ನು ವ್ಯಾಪಾರಕ್ಕೆ ಹಾಕಿದ್ದರು. ಅವರ ಮನೆಯ ಆದಾಯ ಏರಿತ್ತು. ಏನು ಕೆಲಸ ಅಂತ ಕೇಳಿದರೆ ಗೃಹಿಣಿ ಅಂತ ಹೇಳುವವರ ಪ್ರಮಾಣ ಕಡಿಮೆಯಾಗಿತ್ತು. ಹೆಂಗಸರು ಹೊರಗೆ ಓಡಾಡಬಾರದು ಎಂಬ ಕಟ್ಟುಪಾಡು ಜಾಸ್ತಿ ಇರುವ ಸಮುದಾಯಗಳಲ್ಲೇ ಪರಿಣಾಮ ಹೆಚ್ಚು ಕಂಡಿತು.

ಗೆಳತಿ ಅಲ್ಲಿ ಏನು ಮಾಡಿದಳು? ಪಾಠ ಹೇಳಲಿಲ್ಲ. ದುಡ್ಡು ಕೊಡಲಿಲ್ಲ. ಪಕ್ಕದಲ್ಲಿ ಕೂತಿದ್ದಳು, ಮನೆಗೆ ಹೋಗುವಾಗ ಜೊತೆಗಿದ್ದಳು. ನಾಳೆ ಸಾಲ ತೆಗೆದರೆ ಜನ ಏನಂತಾರೆ ಎಂಬ ಹೆದರಿಕೆಗೆ “ಇವಳೂ ತೆಗೀತಾಳೆ” ಎಂಬ ಉತ್ತರ ಸಿಕ್ಕಿತು. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳ ಸಭೆಗೆ ಹೋಗುವ ಹೆಂಗಸರನ್ನು ನೋಡಿ. ಒಬ್ಬರೇ ಹೋಗುವವರು ಕಡಿಮೆ. ದಾರಿಯಲ್ಲಿ ಇನ್ನೊಬ್ಬರ ಮನೆ ಮುಂದೆ ನಿಂತು “ಬರ್ತೀರಾ ಅಕ್ಕ?” ಅಂತ ಕೂಗಿ, ಅವರು ಸೀರೆ ಸರಿಮಾಡಿಕೊಂಡು ಬರುವವರೆಗೆ ಕಾಯುತ್ತಾರೆ. ಆ ಕೂಗಿನ ಬೆಲೆ ಎಷ್ಟು ಎಂಬುದನ್ನು ಅಹಮದಾಬಾದಿನ ಲೆಕ್ಕ ಹೇಳುತ್ತದೆ.

ನಮ್ಮ ಹಳೇ ಅಕ್ಷರ ಗುರುತಿಸುವವರು

ಅಪ್ಪ ತೀರಿಕೊಂಡ ವರ್ಷ ನಾನು ತೋಟ ಮಾರಿಬಿಡುವುದು ಅಂತ ತೀರ್ಮಾನ ಮಾಡಿದ್ದೆ. ಬೆಲೆ ಬಿದ್ದಿತ್ತು, ಅರೇಬಿಕಾಗೆ ಕಾಂಡಕೊರಕ ಹಿಡಿದಿತ್ತು, ಕೂಲಿಗೆ ಜನ ಇರಲಿಲ್ಲ. ನೆಂಟರೆಲ್ಲ ಮಾರುವುದೇ ಸರಿ ಅಂದಿದ್ದರು. ಹೈಸ್ಕೂಲಿನಿಂದ ಜೊತೆಗಿದ್ದ ಗೆಳೆಯ ಒಬ್ಬ ಬಂದ. ಮಾರು ಅಂತ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಅಪ್ಪನ ಮೇಜಿನ ಮೇಲಿದ್ದ ಮಳೆ ಪುಸ್ತಕ ತೆಗೆದು ನೋಡುತ್ತಾ ಕೂತ.

ತೋಟದ ಮನೆಗಳಲ್ಲಿ ಈ ಪುಸ್ತಕ ಇರುತ್ತದೆ. ಕಣದ ಮೂಲೆಯಲ್ಲಿ ರೈನ್‌ಗೇಜ್ ನೆಟ್ಟಿರುತ್ತಾರೆ. ಬೆಳಿಗ್ಗೆ ಅದರ ನೀರನ್ನು ಗಾಜಿನ ಅಳತೆಗೆ ಸುರಿದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತಾರೆ. ಮಾರ್ಚ್‌ನಲ್ಲಿ ಕಾಫಿ ಅರಳಿಸುವ ಹೂಮಳೆ ಯಾವತ್ತು ಬಂತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಸಿಕ್ಕಿತಾ ಇಲ್ವಾ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಅವನು ಹಳೆಯ ಒಂದು ಪುಟದ ಮೇಲೆ ಬೆರಳಿಟ್ಟ. ಅಪ್ಪನ ಅಕ್ಷರ ಬಲಕ್ಕೆ ವಾಲುತ್ತಿತ್ತು. ಆ ಪುಟದ ಕೆಲವು ಸಾಲುಗಳು ನೆಟ್ಟಗಿದ್ದವು, ಶಾಯಿ ಬೇರೆ.

“ಇದು ನಿನ್ನ ಅಕ್ಷರ ಅಲ್ವಾ ಮಾರಾಯ? ಅಪ್ಪ ಮಡಿಕೇರಿಗೆ ಹೋದ ದಿನ ಎಲ್ಲ ನೀನೇ ಬರೀತಿದ್ದೆ. ಮೈದಾನಕ್ಕೆ ಬಾ ಅಂತ ಕರೆದ್ರೆ ಮಳೆ ಅಳೆದು ಬರ್ತೇನೆ ಅಂತಿದ್ದೆ.”

ನನಗೆ ಅದು ಪೂರ್ತಿ ಮರೆತುಹೋಗಿತ್ತು. ತೋಟ ಅಪ್ಪನದು, ನನಗೆ ಇದರಲ್ಲಿ ಆಸಕ್ತಿ ಇರಲೇ ಇಲ್ಲ ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ನಾನೂ ಅದನ್ನೇ ನಂಬಿದ್ದೆ. ತೋಟ ಮಾರಲಿಲ್ಲ. ಅವನು ಬರದಿದ್ದರೆ ಮಾರುತ್ತಿದ್ದೆನಾ? ಮೇಲೆ ಹೇಳಿದ ಗಂಟು ಇಲ್ಲೂ ಇದೆ, ಖಂಡಿತವಾಗಿ ಹೇಳುವ ಹಾಗಿಲ್ಲ. ಆದರೆ ತೀರ್ಮಾನಕ್ಕೆ ಕೂತಾಗ ನನ್ನ ಮುಂದೆ ಇದ್ದ ನಾನು ಬೇರೆಯವನಾಗಿದ್ದೆ ಎಂಬುದರಲ್ಲಿ ಅನುಮಾನ ಇಲ್ಲ.

ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ 1980ರ ದಶಕದಲ್ಲಿ ಇದಕ್ಕೆ ಹತ್ತಿರದ ಒಂದು ವಿಚಾರ ಮುಂದಿಟ್ಟರು. ಬಹಳ ಕಾಲ ಜೊತೆಗಿದ್ದವರು ನೆನಪುಗಳನ್ನು ಹಂಚಿಕೊಂಡು ಇಟ್ಟುಕೊಳ್ಳುತ್ತಾರೆ. ಕೆಲವು ನನ್ನ ತಲೆಯಲ್ಲಿ, ಕೆಲವು ನಿನ್ನ ತಲೆಯಲ್ಲಿ. ಯಾವುದು ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿದ್ದರೆ ಸಾಕು. ಹಳೇ ಗೆಳೆಯನ ಹತ್ತಿರ ಇರುವುದು ನಮ್ಮ ಹಿಂದಿನ ರೂಪದ ನೆನಪು. ಹೆಂಡತಿ, ಮಕ್ಕಳು, ಆಫೀಸಿನವರು ಯಾರೂ ಅದನ್ನು ನೋಡಿಲ್ಲ. ದಂಪತಿಗಳ ಮೇಲೆ ನಡೆದ 1999ರ ಇನ್ನೊಂದು ಅಧ್ಯಯನ ಹೇಳುವುದೂ ಇದಕ್ಕೆ ಹೊಂದುತ್ತದೆ. ನಾವು ಏನಾಗಬೇಕು ಅಂತ ಆಸೆಪಟ್ಟಿದ್ದೇವೋ, ಈಗಾಗಲೇ ಅದೇ ಆಗಿದ್ದೇವೆ ಎಂಬಂತೆ ನಡೆಸಿಕೊಳ್ಳುವವರು ಜೊತೆಗಿದ್ದರೆ ನಾವು ಆ ಕಡೆಗೇ ಬೆಳೆಯುತ್ತೇವೆ.

ಇದೇ ಶಕ್ತಿ ಕಾಲಿಗೆ ತೊಡಕೂ ಆಗುತ್ತದೆ. “ನಿನಗ್ಯಾಕೆ ಅದೆಲ್ಲ ಮಾರಾಯ, ನೀನು ಹತ್ತನೇ ಕ್ಲಾಸಿನಲ್ಲೇ ಲೆಕ್ಕದಲ್ಲಿ ಫೇಲ್” ಅಂತ ನಗುವವನೂ ಹಳೇ ಗೆಳೆಯನೇ. ಅವನಲ್ಲಿ ಕೆಟ್ಟ ಮನಸ್ಸು ಇರುವುದಿಲ್ಲ. ನಮ್ಮ ಹಳೇ ರೂಪವನ್ನೇ ಹಿಡಿದುಕೊಂಡಿದ್ದಾನೆ. ಐವತ್ತರ ಹತ್ತಿರ ಬಂದು ಹೊಸ ಕೆಲಸ ಕಲಿಯಲು ಹೊರಟವರನ್ನು ಈ ಮಾತು ನಿಲ್ಲಿಸಿದ್ದನ್ನು ನಾನು ನೋಡಿದ್ದೇನೆ. ಬಹಳ ಬೇಜಾರಾಗುತ್ತದೆ.

ಕುಡಿತದ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಕೊಡಗಿನ ಮದುವೆ, ನಾಮಕರಣ, ತಿಥಿ ಎಲ್ಲದರಲ್ಲೂ ಗ್ಲಾಸು ಇದೆ. ಸಂಜೆ ಗೆಳೆಯರು ಸೇರುವುದು ಅಂದರೆ ಅದೇ ಅಂತ ಬಹಳ ಕಡೆ ಆಗಿಹೋಗಿದೆ. ಯಾರೂ ಒತ್ತಾಯ ಮಾಡುವುದಿಲ್ಲ. ಮಾಡಬೇಕಾಗಿಯೂ ಇಲ್ಲ. 2005ರಲ್ಲಿ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿದರು. ಹದಿಹರೆಯದವರು ಒಬ್ಬರೇ ಇದ್ದಾಗ ದೊಡ್ಡವರ ಹಾಗೆಯೇ ಓಡಿಸಿದರು. ಗೆಳೆಯರು ಪಕ್ಕದಲ್ಲಿದ್ದಾಗ ಸಿಗ್ನಲ್ ದಾಟುವ ಅಪಾಯವನ್ನು ಬಹಳ ಜಾಸ್ತಿ ತೆಗೆದುಕೊಂಡರು. ದೊಡ್ಡವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ತಿರುವುಗಳಲ್ಲಿ ಒಂದೇ ಬೈಕಿನಲ್ಲಿ ಮೂವರು ಹುಡುಗರು ಹೋಗುವುದನ್ನು ಕಂಡಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗಿ ಎದೆ ಢವಢವ ಅನ್ನುತ್ತದೆ.

ಕೆಟ್ಟದ್ದು ಬರುವ ದಾರಿಯಲ್ಲೇ ಒಳ್ಳೆಯದೂ ಬರುತ್ತದೆ. ಫ್ರಾಮಿಂಗ್‌ಹ್ಯಾಮ್ ದಾಖಲೆಯನ್ನೇ ನೋಡಿದ 2008ರ ಇನ್ನೊಂದು ಲೇಖನದಲ್ಲಿ, ಗೆಳೆಯ ಸಿಗರೇಟು ಬಿಟ್ಟರೆ ನಾವು ಸೇದುವ ಸಾಧ್ಯತೆ ಶೇ 36ರಷ್ಟು ಇಳಿಯುತ್ತದೆ ಎಂದಿದೆ. ಜನ ಒಬ್ಬೊಬ್ಬರಾಗಿ ಬಿಡುವುದಕ್ಕಿಂತ ಗುಂಪು ಗುಂಪಾಗಿ ಬಿಟ್ಟಿದ್ದರು. ಹಿಂದೆ ಹೇಳಿದ ಆಕ್ಷೇಪ ಇದಕ್ಕೂ ಸಲ್ಲುತ್ತದೆ. ಆದರೂ ಕುಡಿತ ಬಿಡಿಸಲು ಒಬ್ಬನನ್ನೇ ಕರೆದು ಬುದ್ಧಿ ಹೇಳುವ ನಮ್ಮ ಕ್ರಮದ ಬಗ್ಗೆ ಯೋಚನೆ ಮಾಡಬೇಕು ಅನ್ನಿಸುತ್ತದೆ. ಅವನ ಸಂಜೆಯ ಗುಂಪಿನಲ್ಲಿ ಇನ್ನೊಬ್ಬ ಬಿಟ್ಟರೆ ಇವನಿಗೆ ಅರ್ಧ ದಾರಿ ಸಿಕ್ಕಂತೆ.

ಬೆಳೆಗಾರ ಯಾರನ್ನು ನಂಬುತ್ತಾನೆ

ತೋಟದ ತೀರ್ಮಾನಗಳಲ್ಲಿ ಗೆಳೆಯರ ಪಾತ್ರ ಇನ್ನೂ ನೇರ. ಅಮೆರಿಕದ ಐಯೊವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹರಡಿದ್ದು ಹೇಗೆ ಅಂತ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ 1943ರಲ್ಲಿ ಬರೆದರು. ಹೊಸ ಬೀಜ ಬಂದಿದೆ ಅಂತ ರೈತರಿಗೆ ಮೊದಲು ಗೊತ್ತಾಗಿದ್ದು ಮಾರುವವರಿಂದ. ಹಾಕೋಣ ಅಂತ ಮನಸ್ಸು ಮಾಡಿದ್ದು ಅಕ್ಕಪಕ್ಕದ ರೈತರ ಮಾತಿನಿಂದ. ಆಫ್ರಿಕಾದ ಘಾನಾದಲ್ಲಿ ಅನಾನಸ್ ಬೆಳೆಯುವವರ ಬಗ್ಗೆ 2010ರಲ್ಲಿ ಬಂದ ಅಧ್ಯಯನ ಇನ್ನೂ ಸೂಕ್ಷ್ಮ. ಯಾರ ಜೊತೆ ಬೇಸಾಯದ ಮಾತಾಡುತ್ತಾರೋ, ಅವರಿಗೆ ನಿರೀಕ್ಷೆಗಿಂತ ಒಳ್ಳೆಯ ಫಸಲು ಬಂದಾಗ ಅವರ ಗೊಬ್ಬರದ ಪ್ರಮಾಣವನ್ನೇ ಇವರೂ ಹಾಕಿದರು. ಬೇಲಿಯಾಚೆ ಇದ್ದು ಮಾತಿಲ್ಲದವರಿಂದ ಕಲಿಯಲಿಲ್ಲ.

ನಮ್ಮ ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಅಲ್ಲಿಂದ ಒಳ್ಳೆಯ ಸಲಹೆ ಸಿಗುತ್ತದೆ, ಬಳಸಿಕೊಳ್ಳಲೇಬೇಕು. ಆದರೆ ಸುಣ್ಣ ಎಷ್ಟು, ಕಪಾತು (ಗಿಡದ ರೆಂಬೆ ಕತ್ತರಿಸುವುದು) ಯಾವಾಗ ಎಂಬುದನ್ನು ಕೊನೆಗೆ ಕೇಳುವುದು ಗೆಳೆಯನ ಹತ್ತಿರ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರರು ಫಸಲನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಫಸಲನ್ನು ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. 1990ರ ದಶಕದ ನಡುವೆ ಆ ಪದ್ಧತಿ ಹೋಗಿ ಮುಕ್ತ ಮಾರುಕಟ್ಟೆ ಬಂತು. ಯಾವಾಗ ಮಾರಬೇಕು, ಯಾರಿಗೆ ಮಾರಬೇಕು ಎಂಬ ಪ್ರಶ್ನೆ ಒಮ್ಮೆಲೇ ಪ್ರತಿ ಮನೆಯ ಜಗಲಿಗೆ ಬಂದು ಕೂತಿತು. ಅನುಭವ ಯಾರಿಗೂ ಇರಲಿಲ್ಲ. ಸಂಜೆ ಲ್ಯಾಂಡ್‌ಲೈನಿನಲ್ಲಿ “ನೀನು ಕೊಟ್ಟೆಯಾ? ಎಷ್ಟಕ್ಕೆ ಕೊಟ್ಟೆ?” ಎಂಬ ಮಾತಿನ ಮೇಲೆ ಎಷ್ಟೋ ಮನೆಗಳ ವರ್ಷದ ಲೆಕ್ಕ ನಿಂತಿತ್ತು.

ಹೊಸ ಸುದ್ದಿಗೆ ಮಾತ್ರ ಆಪ್ತ ಗೆಳೆಯರು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಹೇಳಿದ್ದು ಇದನ್ನೇ. ಆಪ್ತರಿಗೆ ಗೊತ್ತಿರುವುದು ನಮಗೆ ಗೊತ್ತಿರುವುದೇ. ಕೆಲಸ ಖಾಲಿ ಇದೆ ಎಂಬಂಥ ಸುದ್ದಿ ಬರುವುದು ಅಷ್ಟಾಗಿ ಒಡನಾಟ ಇಲ್ಲದವರಿಂದ. ಆದರೆ ಇನ್ನೊಂದು ಬಗೆಯ ಗೆಳೆಯರಿದ್ದಾರೆ. ಹಿಂದೆ ಬಹಳ ಹತ್ತಿರ ಇದ್ದು ಈಗ ವರ್ಷಗಳಿಂದ ಮಾತಿಲ್ಲದವರು. 2011ರಲ್ಲಿ ಡೇನಿಯಲ್ ಲೆವಿನ್ ಮತ್ತು ಸಂಗಡಿಗರು ಕಂಪನಿಯ ಅಧಿಕಾರಿಗಳಿಗೆ ಅಂಥ ಹಳಬರನ್ನು ಹುಡುಕಿ ಸಲಹೆ ಕೇಳಿ ಅಂದರು. ಹೊಸ ಮಾಹಿತಿಯೂ ಸಿಕ್ಕಿತು, ಹಳೇ ನಂಬಿಕೆಯೂ ಹಾಗೇ ಇತ್ತು. ರೈಲು ಹಳಿಯೇ ಇಲ್ಲದ ನಮ್ಮ ಜಿಲ್ಲೆಯಿಂದ ಜನ ಸೈನ್ಯಕ್ಕೆ, ಬೆಂಗಳೂರಿಗೆ, ದುಬೈಗೆ ಹೋಗಿದ್ದಾರೆ. ಪ್ರತಿಯೊಬ್ಬರ ಫೋನಿನಲ್ಲೂ ಇಂಥ ಹೆಸರುಗಳಿವೆ. ಇಷ್ಟು ವರ್ಷ ಬಿಟ್ಟು ಹೇಗೆ ಮಾತಾಡಿಸುವುದು ಅಂತ ಸಂಕೋಚ. ಮಾತಾಡಿಸಿ. ಆ ಕಡೆಯವರಿಗೂ ಅದೇ ಸಂಕೋಚ ಇರುತ್ತದೆ.

ಕಷ್ಟ ಬಂದಾಗ ಇದರ ಬೆಲೆ ಬೇರೆ ರೀತಿ ಗೊತ್ತಾಗುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡ ಕುಸಿದಾಗ ಮನೆ ಬಿಟ್ಟವರು ಪರಿಹಾರ ಕೇಂದ್ರಗಳಿಗೆ ಹೋದರು. ನೆಂಟರ, ಗೆಳೆಯರ ಮನೆಗಳಿಗೂ ಹೋದರು. ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು ಒಟ್ಟು ಸೇರಿಸಿ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದಾಗ, ಒಡನಾಟ ಗಟ್ಟಿ ಇದ್ದವರು ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಜಾಸ್ತಿ ಎಂದು ಕಂಡಿತು.

ಯಾರಿಗೆ ಯಾರು ಸಿಗುತ್ತಾರೆ

ನನಗೆ ಬಹಳ ಕಾಡುವ ಭಾಗ ಇದು. 2022ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಅಮೆರಿಕದ 7.2 ಕೋಟಿ ಫೇಸ್‌ಬುಕ್ ಬಳಕೆದಾರರ ಗೆಳೆತನಗಳನ್ನು ಲೆಕ್ಕ ಹಾಕಿದರು. ಒಂದು ಊರಿನ ಬಡ ಮಕ್ಕಳು ದೊಡ್ಡವರಾದ ಮೇಲೆ ಎಷ್ಟು ಮೇಲೆ ಬರುತ್ತಾರೆ ಎಂಬುದರ ಜೊತೆ ಬಹಳ ಗಟ್ಟಿಯಾಗಿ ಹೊಂದಿಕೊಂಡ ವಿಷಯ ಒಂದಿದೆ. ಆ ಊರಿನಲ್ಲಿ ಬಡವರಿಗೂ ಉಳ್ಳವರಿಗೂ ಎಷ್ಟು ಗೆಳೆತನ ಇದೆ ಎಂಬುದು. ಉಳ್ಳವರ ಮಕ್ಕಳಿಗೆ ಇರುವಷ್ಟೇ ಉಳ್ಳ ಗೆಳೆಯರು ಬಡ ಮಕ್ಕಳಿಗೂ ಇರುವ ಕಡೆ ಬೆಳೆದಿದ್ದರೆ, ಆ ಮಕ್ಕಳ ಮುಂದಿನ ಆದಾಯ ಸರಾಸರಿ ಶೇ 20 ಜಾಸ್ತಿ ಇರುತ್ತಿತ್ತು ಎಂಬುದು ಅವರ ಅಂದಾಜು.

ಕೊಡಗಿನಲ್ಲಿ ಹಿಂದೆ ತೋಟದ ಯಜಮಾನರ ಮಕ್ಕಳೂ ಕೂಲಿ ಕಾರ್ಮಿಕರು ಇರುವ ಲೈನ್ ಮನೆಯ ಮಕ್ಕಳೂ ಎಷ್ಟೋ ಕಡೆ ಒಂದೇ ಸರ್ಕಾರಿ ಶಾಲೆಯಲ್ಲಿ ಕೂತಿದ್ದರು. ಎಲ್ಲವೂ ಸಮ ಇತ್ತು ಅಂತ ನಾನು ಹೇಳುವುದಿಲ್ಲ. ಯರವ, ಕುರುಬ ಬುಡಕಟ್ಟುಗಳ ಮಕ್ಕಳನ್ನು ಹಿಂದಿನ ಬೆಂಚಿಗೆ ತಳ್ಳಿದ್ದನ್ನು ನೋಡಿದವರು ಇನ್ನೂ ಇದ್ದಾರೆ. ಆದರೂ ಒಂದೇ ಬೆಂಚಿನಲ್ಲಿ ಕೂರುವ ಅವಕಾಶ ಇತ್ತು. ಕಾಲೇಜಿಗೆ ಅರ್ಜಿ ಹಾಕುವುದು ಹೇಗೆ, ಸೈನ್ಯದ ಭರ್ತಿ ಯಾವಾಗ ಎಂಬುದನ್ನು ಲೈನ್ ಮನೆಯ ಹುಡುಗ ಗೆಳೆಯನಿಂದ ತಿಳಿದುಕೊಂಡ ಉದಾಹರಣೆಗಳು ನಮ್ಮೂರಲ್ಲೇ ಇವೆ. ಈಗ ಬೆಳಿಗ್ಗೆ ಹಳದಿ ಬಸ್ಸು ಒಂದು ಗುಂಪಿನ ಮಕ್ಕಳನ್ನು ದೂರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಒಯ್ಯುತ್ತದೆ. ಇನ್ನೊಂದು ಗುಂಪು ಸರ್ಕಾರಿ ಶಾಲೆಗೆ ನಡೆದು ಹೋಗುತ್ತದೆ. ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಕೆಲವು ಮಕ್ಕಳು ಎರಡೂ ಕಡೆ ಇಲ್ಲ. ಆ 200 ಗಂಟೆಗಳು ಇವರಿಗೆ ಒಟ್ಟಿಗೆ ಎಲ್ಲಿ ಸಿಗಬೇಕು?

ಚೆಟ್ಟಿಯವರ ಲೆಕ್ಕದಲ್ಲಿ ಇನ್ನೊಂದು ಮಾತಿದೆ. ಬಡವರಿಗೂ ಉಳ್ಳವರಿಗೂ ಗೆಳೆತನ ಆಗದಿರಲು ಅರ್ಧ ಕಾರಣ ಅವರು ಒಂದೇ ಜಾಗದಲ್ಲಿ ಇಲ್ಲದಿರುವುದು. ಇನ್ನರ್ಧ ಕಾರಣ, ಒಂದೇ ಜಾಗದಲ್ಲಿ ಇದ್ದರೂ ಬೇರೆ ಬೇರೆ ಕೂರುವುದು. ಆದ್ದರಿಂದ ಒಂದೇ ಮೈದಾನಕ್ಕೆ ಕರೆದರೆ ಮುಗಿಯುವುದಿಲ್ಲ, ಒಂದೇ ಟೀಮಿನಲ್ಲಿ ಹಾಕಬೇಕು. ನಮ್ಮೂರಿನಲ್ಲಿ ಏಪ್ರಿಲ್‌ನಲ್ಲಿ ಮಕ್ಕಳಿಗೆ ಹಾಕಿ ಕ್ಯಾಂಪ್ ನಡೆಯುತ್ತದೆ. ಮುಂದಿನ ಸಲ ಲೈನ್ ಮನೆಗಳ ಮಕ್ಕಳನ್ನೂ ಸೇರಿಸಿ ಟೀಮ್ ಕಲೆಸಬೇಕು ಅಂತ ನಾವು ಕೆಲವರು ಹಠ ಹಿಡಿದಿದ್ದೇವೆ. ಸ್ಟಿಕ್ಕು, ಶೂ ಯಾರು ಕೊಡಿಸುವುದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಮಕ್ಕಳನ್ನು ವಾಪಸ್ ಲೈನಿಗೆ ಬಿಟ್ಟು ಬರಲು ಜೀಪಿದ್ದವರು ಇಬ್ಬರು ಒಪ್ಪಿದ್ದಾರೆ.